ಅಡುಗೆಮನೆ ಮೇಜಿನ ಹಡಗು

ನಮ್ಮ ಮಾಮನಿಗೆ ಕೆಲಸ ಮಾಡಲು ಒಂದು ಮೇಜು ಇರಲಿಲ್ಲ. ಅವನ ಬಾಡಿಗೆ ಕೋಣೆಯಲ್ಲಿ ಮಂಚ ಹಾಕಿದ ಮೇಲೆ ಬಾಗಿಲು ಅರ್ಧವೇ ತೆರೆಯುತ್ತಿತ್ತು. ಹಾಗಾಗಿ ಅವನ ಹಡಗು ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬೆಳೆಯಿತು.

ಹಡಗು ಅಂದರೆ ಎರಡು ಮೊಳ ಉದ್ದದ ಮರದ ಹಡಗು. ಮಾಮ ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ರಿಪೇರಿ ಮಾಡುವವನು. ಸಾಸಿವೆಗಿಂತ ಸಣ್ಣ ಸ್ಕ್ರೂ ಕೂಡ ಅವನ ಕೈಯಿಂದ ಜಾರುವುದಿಲ್ಲ. ಮೊದಲು ದಪ್ಪ ಹಲಗೆಯಲ್ಲಿ ಹಡಗಿನ ಬೆನ್ನೆಲುಬು ಕೊಯ್ದ. ಅದಕ್ಕೆ ಪಕ್ಕೆಲುಬುಗಳನ್ನು ಕೂರಿಸಿದ. ಆಗ ಅದು ಯಾರೋ ತಿಂದು ಬಿಟ್ಟ ಮೀನಿನ ಹಾಗೆ ಕಾಣುತ್ತಿತ್ತು. ಆಮೇಲೆ ತೆಳು ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಬೇಕು. ಪಟ್ಟಿ ನೇರ, ಹಡಗಿನ ಹೊಟ್ಟೆ ಡೊಂಕು. ಒಣಪಟ್ಟಿ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಬಿಸಿನೀರಿನಲ್ಲಿ ನೆನೆಸಿ ಕಾದ ಕಬ್ಬಿಣಕ್ಕೆ ಒತ್ತಿ ಹಿಡಿದರೆ ಮಾತು ಕೇಳುತ್ತದೆ. ಆ ಕಾದ ಕಬ್ಬಿಣ ನನ್ನದು. ನಾನು ಪಾರ್ಲರಿನಲ್ಲಿ ಗಿರಾಕಿಗಳ ಕೂದಲು ಗುಂಗುರು ಮಾಡುವ ಸಲಕರಣೆ ಅದು.

“ಮಾಮ, ನಿನ್ನೆ ಒಬ್ರು ಕೇಳಿದ್ರು, ನನ್ನ ಕೂದಲಿಂದ ಯಾಕೆ ಮರದ ವಾಸನೆ ಬರ್ತಿದೆ ಅಂತ.”

“ಒಳ್ಳೇ ಜಾತಿ ಮರ ಅಂತ ಹೇಳು.”

ಅಂಟು ಒಣಗುವ ತನಕ ಪಟ್ಟಿಗಳನ್ನು ಕಚ್ಚಿ ಹಿಡಿಯಲು ಮನೆಯ ಬಟ್ಟೆ ಕ್ಲಿಪ್ಪುಗಳೆಲ್ಲ ಹಡಗಿಗೆ ಹೋದವು. ಅಪ್ಪನ ಅಂಗಿ ತಂತಿಯಿಂದ ಹಾರಿ ಪಕ್ಕದ ಮನೆಯ ಹಿತ್ತಲು ಸೇರಿತು. ನನ್ನ ಹುಬ್ಬಿನ ಚಿಮುಟ ಹೋಯಿತು, ಉಗುರು ಉಜ್ಜುವ ಅರ ಹೋಯಿತು. ಅಪ್ಪ ಬಸ್ ಡ್ರೈವರ್. ದಿನವಿಡೀ ಕೂತು ಬಂದವನು ಮನೆಯಲ್ಲಿ ತಟ್ಟೆ ಹಿಡಿದು ನಿಂತು ಉಣ್ಣುತ್ತಿದ್ದ. “ಪ್ಯಾಸೆಂಜರ್ ಕಷ್ಟ ಏನು ಅಂತ ಈಗ ಗೊತ್ತಾಯ್ತು” ಎಂದ.

ಅಮ್ಮ ಹೊಲಿಗೆಯವಳು. ಬೈಯುತ್ತಲೇ ಹಳೆಯ ದಿಂಬಿನ ಬಟ್ಟೆಯಲ್ಲಿ ಹಾಯಿ ಹೊಲಿದುಕೊಟ್ಟಳು. ಆದರೆ ಊಟದಲ್ಲಿ ಮರದ ಹೊಟ್ಟು ಸಿಕ್ಕಿದ ದಿನ ತೀರ್ಪು ಕೊಟ್ಟಳು.

“ನೋಡೋ, ಭಾನುವಾರ ಇದನ್ನ ಪಾರ್ಕಿನ ಕೊಳದಲ್ಲಿ ಬಿಡು. ಆ ದಡ ಮುಟ್ಟಿದ್ರೆ ನನ್ನ ಹಿಂದಿನ ಕೋಣೆ ನಿಂದು. ಮುಳುಗಿದ್ರೆ ಇನ್ನು ಈ ಮನೇಲಿ ಹಡಗಿನ ಸುದ್ದಿ ಎತ್ತಬಾರದು.”

ಹಿಂದಿನ ಕೋಣೆಯಲ್ಲಿ ಅಮ್ಮ ಚಿಂದಿ ಬಟ್ಟೆಯ ಮೂಟೆಗಳನ್ನು ಪೇರಿಸಿದ್ದಳು. ಮಾಮ ಅದರ ಮೇಲೆ ಕಣ್ಣಿಟ್ಟು ವರ್ಷಗಳೇ ಆಗಿದ್ದವು.

“ಅಕ್ಕ, ಆ ಕಿಟಕಿಗೆ ಬರೋದು ಬೆಳಗಿನ ಬಿಸಿಲಾ, ಸಂಜೆ ಬಿಸಿಲಾ?”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಬೇಡ” ಎಂದಳು ಅಮ್ಮ.

ಉಳಿದದ್ದು ದಾರದ ಕೆಲಸ. ಹಾಯಿಕಂಬವನ್ನು ಎರಡೂ ಪಕ್ಕದಿಂದ ಹಿಡಿದು ನಿಲ್ಲಿಸುವುದು ದಾರಗಳೇ. ದಾರಕ್ಕೆ ಮೊದಲು ಜೇನುಮೇಣ ಸವರಬೇಕು, ಇಲ್ಲದಿದ್ದರೆ ಎಳೆ ಎದ್ದು ಕಂಬಳಿಹುಳದ ಹಾಗಾಗುತ್ತದೆ. ಆಮೇಲೆ ಎಡಕ್ಕೊಂದು, ಬಲಕ್ಕೊಂದು, ಹಗುರವಾಗಿ ಕಟ್ಟುತ್ತ ಹೋಗಬೇಕು. ಶುಕ್ರವಾರ ಮಾಮ ಅಂಗಡಿಯಿಂದ ಬರುವಷ್ಟರಲ್ಲಿ ಅಮ್ಮ ಈ ಕೆಲಸ ಮುಗಿಸಿಬಿಟ್ಟಿದ್ದಳು. ಎಡಗಡೆಯ ದಾರಗಳನ್ನೆಲ್ಲ ಮೊದಲು ಕಟ್ಟಿದ್ದಳು, ಅದೂ ಪ್ಯಾಂಟಿನ ಗುಂಡಿ ಬಿಗಿಯುವ ಹಾಗೆ.

ಮಾಮ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದ. ಕಂಬ ಎಡಕ್ಕೆ ವಾಲಿತ್ತು.

“ಹೇಗಿದೆ?” ಎಂದಳು ಅಮ್ಮ.

“ಗಟ್ಟಿಯಾಗಿದೆ, ಅಕ್ಕ.”

ಕೋಣೆ ಕೊಡುವವಳ ಮುಂದೆ ಕಂಬ ವಾಲಿದೆ ಎಂದು ಯಾರು ಹೇಳುತ್ತಾರೆ? ಅಮ್ಮ ಬಟ್ಟೆ ಒಣಹಾಕಲು ಹೋದಾಗ ಅವನು ನನ್ನನ್ನು ಬಾಗಿಲಲ್ಲಿ ಕಾವಲು ನಿಲ್ಲಿಸಿದ. ಹಡಗಿನ ಮೇಲ್ಹಲಗೆಯ ಪುಟ್ಟ ಮುಚ್ಚಳ ತೆಗೆದ. ಹಡಗು ಮಗುಚದಿರಲೆಂದು ತಳದ ನಡುವೆ ಸೀಸ ಆಗಲೇ ಇತ್ತು. ಈಗ ಬಲಗೋಡೆಗೆ ಇನ್ನೆರಡು ತುಂಡು ಒತ್ತಿ, ಮುಚ್ಚಳಕ್ಕೆ ಅಂಟು ಬಳಿದ.

“ಕಂಬ ಎಡಕ್ಕೆ ಎಳೆಯುತ್ತೆ, ಸೀಸ ಬಲಕ್ಕೆ. ಅಲ್ಲಿಗಲ್ಲಿಗೆ ಸರಿಹೋಯ್ತು.”

“ಅಮ್ಮನಿಗೆ ಹೇಳಬಹುದಲ್ಲ?”

“ಹೇಳು. ನೀನೇ ಹೇಳು.”

ನಾನೂ ಹೇಳಲಿಲ್ಲ.

ಭಾನುವಾರ ಹಡಗನ್ನು ಬಟ್ಟೆ ಬುಟ್ಟಿಯಲ್ಲಿ, ದಿಂಬುಗಳ ನಡುವೆ ಕೂರಿಸಿ ಅಪ್ಪ ಹೊತ್ತ. ಬಸ್ಸನ್ನು ಯಾವತ್ತೂ ಅಷ್ಟು ಮೆಲ್ಲಗೆ ಓಡಿಸಿದವನಲ್ಲ. ಕೊಳದ ಸುತ್ತ ಮಕ್ಕಳು, ಬಾತುಕೋಳಿಗಳು, ಬೆಂಚಿನ ಮೇಲೆ ಕೆಲಸವಿಲ್ಲದ ಮುದುಕರು. ಮಾಮ ಹಡಗನ್ನು ನೀರಿಗೆ ಇಳಿಸಿ ಕೈ ಬಿಟ್ಟ.

ಅದು ಪಕ್ಕದವರ ಗುಟ್ಟು ಕೇಳಿಸಿಕೊಳ್ಳುವಂತೆ ಬಲಕ್ಕೆ ವಾಲಿತು.

“ಲಂಗರು ಹಾಕೋಕೆ ಮುಂಚೆನೇ ಮಲಗ್ತಿದೆಯಲ್ಲ, ಕ್ಯಾಪ್ಟನ್” ಎಂದ ಅಪ್ಪ.

ಮಾಮ ನೋಡಿದ್ದು ಕಂಬವನ್ನು. ಅದು ಮೇಲ್ಹಲಗೆಯ ಮೇಲೆ ಕಡ್ಡಿಯಂತೆ ನೆಟ್ಟಗಿತ್ತು. “ಅಕ್ಕ, ಇದು ಯಾವಾಗ ನೆಟ್ಟಗಾಯ್ತು?”

“ಬೆಳಿಗ್ಗೆ. ಎಡಕ್ಕೆ ವಾಲಿತ್ತು. ನೋಡಿದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ನೀನು ಬರೋಕೆ ಮುಂಚೆ ಎಲ್ಲಾ ಬಿಚ್ಚಿ ಮತ್ತೆ ಕಟ್ಟಿದೆ. ಎಡಕ್ಕೊಂದು, ಬಲಕ್ಕೊಂದು.”

“ನಾನು ಆವತ್ತೇ ನೋಡಿದ್ದೆ.”

“ನೋಡಿ?”

“ಬಲಗಡೆಗೆ ಸೀಸ ಅಂಟಿಸಿದೆ.”

ಅಪ್ಪ ಬುಟ್ಟಿಯನ್ನು ಕೆಳಗಿಟ್ಟು ಅದರ ಮೇಲೆಯೇ ಕೂತು ನಗತೊಡಗಿದ. ಅಷ್ಟರಲ್ಲಿ ಗಾಳಿ ಬೀಸಿ ಹಡಗು ಇನ್ನೂ ವಾಲಿತು. ಬಲದ ಅಂಚು ನೀರಿಗೆ ತಾಗಿತು. ಮಾಮನ ಮುಖ ಸುಣ್ಣವಾಯಿತು. ಕೋಣೆ ಅವನ ಕಣ್ಣೆದುರೇ ಮುಳುಗುತ್ತಿತ್ತು.

ನೀರಿಗೆ ಇಳಿದವಳು ಅಮ್ಮ. ಮೊಣಕಾಲಷ್ಟು ನೀರು, ಕೆಳಗೆ ಕೆಸರು. ತಲೆಯಿಂದ ಹೇರ್‌ಪಿನ್ ಕಿತ್ತು ಮುಚ್ಚಳದ ಸಂದಿಗೆ ಹಾಕಿ ಮೀಟಿದಳು.

“ಅಂಟು ಇಷ್ಟು ಗಟ್ಟಿ ಯಾಕೆ ಹಾಕ್ದೆ?”

“ನೀನು ತೆಗೀಬಾರದು ಅಂತ.”

ಮುಚ್ಚಳ ಟಪ್ಪನೆ ಎದ್ದು ನೀರಿಗೆ ಬಿತ್ತು. ಒಂದು ಬಾತುಕೋಳಿ ಅದನ್ನು ಕಚ್ಚಿಕೊಂಡು ಹೊರಟುಹೋಯಿತು. ಅಮ್ಮ ಬೆರಳು ತೂರಿಸಿ ಬಲಗೋಡೆಯ ಸೀಸ ಕಿತ್ತು, ಬಂದ ಹಾಗೆ ಕೊಳಕ್ಕೆ ಎಸೆದಳು. ಹಡಗು ಎದ್ದು ನೆಟ್ಟಗೆ ನಿಂತಿತು. ದಿಂಬಿನ ಬಟ್ಟೆ ಗಾಳಿ ಕುಡಿದು ಉಬ್ಬಿತು.

ನಡುಕೊಳದಲ್ಲಿ ಅದು ನಿಂತು, ಏನೋ ಮರೆತವರಂತೆ ಅರ್ಧ ಸುತ್ತು ತಿರುಗಿತು. ಮತ್ತೆ ಗಾಳಿ ಬಂತು. ಮಾಮ ಕೊಳವನ್ನು ಸುತ್ತಿ ಓಡಿದ, ಹಿಂದೆ ಮಕ್ಕಳ ದಂಡು. ಅವನು ಹೋಗಿ ಕುಕ್ಕರಗಾಲಿನಲ್ಲಿ ಕೂರುವುದಕ್ಕೂ ಹಡಗಿನ ಮೂತಿ ಆ ದಡದ ಹುಲ್ಲಿಗೆ ತಾಗುವುದಕ್ಕೂ ಸರಿಹೋಯಿತು. ಬೆಂಚಿನ ಮುದುಕರೂ ಎದ್ದು ಚಪ್ಪಾಳೆ ತಟ್ಟಿದರು.

ಅಮ್ಮ ಇನ್ನೂ ಕೊಳದಲ್ಲೇ ಇದ್ದಳು. ಕಾಲು ಕೆಸರಿನಿಂದ ಬರುತ್ತಿರಲಿಲ್ಲ. ನಾನೂ ಅಪ್ಪನೂ ಒಂದೊಂದು ಕೈ ಹಿಡಿದು ಎಳೆದೆವು. ನಗು ತಡೆಯಲಾರದೆ ಅವಳು ಇನ್ನಷ್ಟು ಭಾರವಾಗಿದ್ದಳು. ಮೇಲೆ ಬಂದವಳೇ ಆ ದಡಕ್ಕೆ ಕೂಗಿ ಹೇಳಿದಳು:

“ಬೆಳಗಿನ ಬಿಸಿಲು ಕಣೋ! ನಾಳೆ ಬಂದು ಮೂಟೆ ಎತ್ತು.”

ಆ ದಿನ ಕಳೆದದ್ದು: ಸೀಸದ ತುಂಡು ಎರಡು, ಹೇರ್‌ಪಿನ್ ಒಂದು, ಹಡಗಿನ ಮುಚ್ಚಳ ಒಂದು, ಅಮ್ಮನ ಎಡಗಾಲಿನ ಚಪ್ಪಲಿ.