ಗಾಡಿ ಬಿಟ್ಟು ಹೋದವಳು

ಮರಳುಗಾಡಿನ ನಡುವೆ ನಮ್ಮದು ಮೂಲನಿವಾಸಿಗಳ ಊರು. ಇಲ್ಲಿನ ಅಂಗಡಿಯಲ್ಲಿ ಡೀಸೆಲ್ ಹಾಕುವವಳೂ ನಾನೇ, ನಮ್ಮ ನೆಲ ದಾಟುವ ಪ್ರವಾಸಿಗರ ಪರವಾನಗಿ ನೋಡುವವಳೂ ನಾನೇ. ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತೇನೆ. ನೀರು ಧಾರಾಳವಾಗಿ ಇಟ್ಟುಕೊಳ್ಳಿ, ಪರವಾನಗಿಯಲ್ಲಿಲ್ಲದ ದಾರಿಗೆ ಇಳಿಯಬೇಡಿ, ತಲುಪಿದ ಕೂಡಲೇ ಫೋನ್ ಮಾಡಿ, ಗಾಡಿ ಕೆಟ್ಟರೆ ಅದರ ನೆರಳಲ್ಲೇ ಕೂತಿರಿ. ಅವರು ತಲೆಯಾಡಿಸಿ, ಐಸ್‌ಕ್ರೀಮ್ ಇದೆಯಾ ಅಂತ ಕೇಳುತ್ತಾರೆ. ಮೈಯೆಲ್ಲ ಉರಿಯುತ್ತದೆ. ಈ ಪಾಠ ನನಗೆ ಹೇಳಿಕೊಟ್ಟವಳು ನನ್ನ ತಂಗಿ. ನನಗಿಂತ ಮೊದಲು ಗಲ್ಲಾದಲ್ಲಿ ಕೂರುತ್ತಿದ್ದವಳು ಅವಳೇ.

ಬೇಸಿಗೆಯಲ್ಲಿ ನಮ್ಮ ಗಂಡಸರು ತಮ್ಮ ಕಟ್ಟಳೆಯ ಕೂಟಕ್ಕೆ ಪಡುವಣ ರಸ್ತೆಯಲ್ಲಿ ಹೋಗುತ್ತಾರೆ. ಆಗ ಆ ರಸ್ತೆ ಹೆಂಗಸರಿಗೆ ಮುಚ್ಚಿರುತ್ತದೆ. ನಾವು ಅವರನ್ನು ಕಾಣಲೂಬಾರದು, ಅವರಿಗೆ ಕಾಣಿಸಿಕೊಳ್ಳಲೂಬಾರದು. ಅದರ ಮುನ್ನಾದಿನವೇ ತಂಗಿ ಹೊರಟು ನಿಂತಳು. ಅದೇ ರಸ್ತೆಯ ಕೊನೆಯ ಆಚೆ ಊರಿನಲ್ಲಿ ಅವಳ ಮಗಳು ಡೆಲ್ವೀನ್ ಹೆತ್ತಿದ್ದಳು.

"ಬೆಳಿಗ್ಗೆಯಿಂದ ರಸ್ತೆ ಬಂದ್ ಕಣೇ," ಅಂದೆ.

"ಬೆಳಿಗ್ಗೆ ತಾನೇ? ಕತ್ತಲಾಗೋದ್ರೊಳಗೆ ಮೊಮ್ಮಗು ಮೂತಿ ನೋಡಿರ್ತೀನಿ. ನೀನಿಲ್ಲೇ ಐಸ್‌ಕ್ರೀಮ್ ಮಾರ್ಕೊಂಡಿರು."

ಕತ್ತಲಾಯಿತು, ಅವಳ ಫೋನ್ ಬರಲಿಲ್ಲ. ಬಂದದ್ದು ಬೇರೆ ಸುದ್ದಿ. ಆಚೆ ಊರಿನ ಹಿರಿಯನೊಬ್ಬ ತೀರಿಕೊಂಡ, ಕೂಟ ಮುಂದಕ್ಕೆ ಹೋಯಿತು. ಗಂಡಸರು ಯಾರೂ ಹೊರಡುವುದಿಲ್ಲ ಅಂತ ಊರಿಗೆಲ್ಲ ತಿಳಿಯಿತು. ಫೋನ್ ಸಿಗದ ದಾರಿಯಲ್ಲಿದ್ದವಳಿಗೆ ತಿಳಿಸುವವರು ಯಾರು?

ಬೆಳಗಾಗುತ್ತಲೇ ಕ್ಲಿಫ್ಟನ್ ಮಾವನ ಮನೆಗೆ ಓಡಿದೆ. ಹಿರಿಯರಲ್ಲಿ ಆ ರಸ್ತೆಯ ಹೊಣೆ ಅವನದೇ. ಅವನು ಪೊಲೀಸಿನ ಕರ್ಸ್‌ಲೇಕ್‌ನನ್ನೂ ಕರೆದು ಐದಾರು ಗಾಡಿ ಹೊರಡಿಸಿದ.

"ನಾನೂ ಬರ್ತೀನಿ ಮಾವ."

"ಬೇಡ ಮಗಳೇ. ಕೂಟ ಮುಂದಕ್ಕೆ ಹೋದ್ರೂ, ಹಿರಿಯರು ಕೂತು ಮಾತಾಡದೆ ಹೆಂಗಸರಿಗೆ ರಸ್ತೆ ತೆರೆಯೋಕಾಗಲ್ಲ. ಗಂಡಸರೇ ಹೋಗ್ತೀವಿ. ನೀನು ಫೋನ್ ಹತ್ರ ಇರು."

ನಾನು ಗಲ್ಲಾದಲ್ಲಿ ಕೂತೆ. ಬಿಸಿಲು ತಗಡಿನ ಮೇಲೆ ಬಡಿಯುತ್ತಿತ್ತು.

ತಂಗಿಯ ಗಾಡಿ ಬೇಗನೇ ಸಿಕ್ಕಿತಂತೆ. ಬಾನೆಟ್ ತೆರೆದಿತ್ತು, ರೇಡಿಯೇಟರ್ ಪೈಪು ಒಡೆದಿತ್ತು, ಹಿಂದೆ ಎರಡು ಕ್ಯಾನು ತುಂಬ ನೀರು ಹಾಗೇ ಇತ್ತು. ಅವಳಿರಲಿಲ್ಲ. ಅವರು ಹಾರ್ನ್ ಹೊಡೆದರು, ಗಂಟಲು ಹರಿಯುವಂತೆ ಕೂಗಿದರು. ಮರುದಿನ ಮೂರು ಮರಳುದಿಬ್ಬಗಳಾಚೆ ಒಂದು ಮುಳ್ಳುಹುಲ್ಲಿನ ಪೊದೆಯ ಹಿಂದೆ ಸಿಕ್ಕಳು. ರಸ್ತೆಗೆ ಬೆನ್ನು ಹಾಕಿ, ಮುಖಕ್ಕೆ ಬಟ್ಟೆ ಮುಚ್ಚಿಕೊಂಡು ಮಲಗಿದ್ದಳು.

"ನೀರಿತ್ತು, ನೆರಳಿತ್ತು," ಅಂದ ಕರ್ಸ್‌ಲೇಕ್, ಅಂಗಡಿಯಲ್ಲಿ ಟೋಪಿ ತೆಗೆದು ನಿಂತು. "ಊರಿಗೆಲ್ಲ ಬುದ್ಧಿ ಹೇಳ್ತಿದ್ದವಳು. ನೋರೀನ್, ನೀನೇ ಹೇಳು, ನಿನ್ನ ತಂಗಿ ಗಾಡಿ ಯಾಕೆ ಬಿಟ್ಟಳು?"

ಹೊರಗಿನವನು, ಒಳ್ಳೆಯ ಮನುಷ್ಯನೇ. ಆದರೂ ಅವನ ಮುಖಕ್ಕೆ ಏನಾದರೂ ಎಸೆಯಬೇಕೆನಿಸಿತು. ಯಾಕೆ ಬಿಟ್ಟಳೆಂದು ಊರಿಗೆಲ್ಲ ಗೊತ್ತು. ಗಂಡಸರು ಬರುವ ಹೊತ್ತಿಗೆ ರಸ್ತೆಯಲ್ಲಿರಬಾರದೆಂದು ಬಿಟ್ಟಳು. ಅವರು ದಾಟಿದ ಮೇಲೆ ಮರಳಿ ಬರೋಣ ಅಂದುಕೊಂಡಿರಬೇಕು, ಅದಕ್ಕೇ ಕ್ಯಾನು ಹೊತ್ತಿರಲಿಲ್ಲ.

ಅವನು ಹೋದ ಮೇಲೆ ಕ್ಲಿಫ್ಟನ್ ಮಾವ ಬಂದ. ಟೀ ಕೊಟ್ಟೆ, ಕುಡಿಯಲಿಲ್ಲ.

"ಹೆಜ್ಜೆ ನೋಡಿದೆ ಮಗಳೇ. ಮೊದಲ್ನೇ ದಿಬ್ಬದ ಹಿಂದೆ ತಣ್ಣಗೆ ಕೂತಿದ್ಲು. ಅಲ್ಲಿಂದಾಚೆ ಓಡಿದಾಳೆ."

"ಯಾಕೆ?"

"ನಮ್ಮ ಗಾಡಿಗಳ ಸಾಲು ಬಂತಲ್ಲ. ಗಾಳಿಗೆ ಮಾತು ಕೇಳಿಸಿರಲ್ಲ, ಬರೀ ಗಂಡಸರ ದನಿ. ಕೂಟಕ್ಕೆ ಹೊರಟೋರು ಅಂದ್ಕೊಂಡ್ಲು. ನಾವು ಕೂಗಿದಷ್ಟೂ ಅವಳು ದೂರ ಹೋದ್ಲು." ಅವನು ಟೀ ಲೋಟ ಪಕ್ಕಕ್ಕಿಟ್ಟ. "ನಿನ್ನ ದನಿ ಒಂದು ಕೇಳಿದ್ರೆ ಎದ್ದು ಬರ್ತಿದ್ಲು. ನಾನೇ ಬೇಡ ಅಂದೆ."

ಅವನನ್ನು ಬೈಯಲು ಆಗಲಿಲ್ಲ. ಕಟ್ಟಳೆಯನ್ನು ಬೈಯಲೂ ಆಗಲಿಲ್ಲ, ತಂಗಿ ಜೀವ ಕೊಟ್ಟು ಉಳಿಸಿದ್ದೂ ಅದನ್ನೇ. ಬೈಯಲು ಯಾರೂ ಇಲ್ಲದಿರುವುದು ಎಂಥ ನರಕ ಎಂದು ನನಗೆ ಆಗ ಗೊತ್ತಾಯಿತು.

ಹಿರಿಯರು ಕೂತು ಮಾತಾಡಿ ರಸ್ತೆ ತೆರೆದರು. ನಾನು ಹೋದೆ. ಮೂರನೆಯ ದಿಬ್ಬ ಹತ್ತಿ ನಿಂತೆ. ಅವಳನ್ನು ಕೂಗಬೇಕೆನಿಸಿತು. ಆದರೆ ನಮ್ಮಲ್ಲಿ ತೀರಿಕೊಂಡವರ ಹೆಸರು ಹಿಡಿದು ಕರೆಯುವಂತಿಲ್ಲ. ಬಾಯಿ ಮುಚ್ಚಿಕೊಂಡು ಇಳಿದು ಬಂದೆ.