ಎಂಆರ್‌ಐ ಒಳಗೆ ಕ್ರೇನ್ ಓಡಿಸಿದವನು

ಕೇಳಿ ಸ್ವಾಮಿ, ಎಂಆರ್‌ಐ ಯಂತ್ರದೊಳಗೆ ಮಲಗಿಕೊಂಡೇ ಕ್ರೇನ್ ಓಡಿಸಿದ ಗಂಡಸನ್ನು ನೀವು ನೋಡಿಲ್ಲ, ನೋಡುವುದೂ ಇಲ್ಲ. ಭೂಮಿಯ ಮೇಲೆ ಅಂಥವನು ಒಬ್ಬನೇ. ಅವನ ಕಥೆ ಹೇಳುವ ಯೋಗ್ಯತೆ ಇರುವವನೂ ನಾನೊಬ್ಬನೇ.

ಕೆಲಸದ ಜಾಗದಲ್ಲಿ ಎಲ್ಲರೂ ಅವನನ್ನು ಹೀರೋ ಅನ್ನುತ್ತಿದ್ದರು. ಇಪ್ಪತ್ತು ಮಹಡಿ ಎತ್ತರದ ಗಾಜಿನ ಗೂಡಲ್ಲಿ ಕೂತು ಕಬ್ಬಿಣದ ಕಂಬಿಗಳನ್ನು ಹೂವಿನ ಹಾಗೆ ಇಳಿಸುತ್ತಿದ್ದ. ಮೂರು ತಿಂಗಳಿಂದ ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು, ಅದರ ಬೆನ್ನಿಗೇ ತಲೆಸುತ್ತು. ಒಮ್ಮೆ ಶುರುವಾದರೆ ಲೋಕವೇ ಗಿರಗಿರ, ಹೀರೋ ನೆಲವನ್ನು ತಬ್ಬಿಕೊಳ್ಳಬೇಕು. ಕಿವಿ ಡಾಕ್ಟರು ಎಂಆರ್‌ಐ ಬರೆದುಕೊಟ್ಟರು. ನರದ ಮೇಲೆ ಗಂಟಿದೆಯೋ, ಒಳಗಿವಿಯಲ್ಲಿ ನೀರು ತುಂಬಿ ಊದಿದೆಯೋ ನೋಡಬೇಕು, ಅಲ್ಲಿಯ ತನಕ ಕ್ರೇನಿನ ಏಣಿ ಮುಟ್ಟಬಾರದು.

"ಗಂಟಾದ್ರೂ ಬರ್ಲಿ, ನೀರಾದ್ರೂ ಬರ್ಲಿ ಅಕ್ಕಾ. ಇದು ಮೋಡದ ಜೊತೆ ಮಾತಾಡೋ ಕಿವಿ" ಎಂದು ಜೊತೆಗೆ ಬಂದ ಅಕ್ಕನಿಗೆ ಡೈಲಾಗ್ ಹೊಡೆದ.

"ಮೊದಲು ಬೆಲ್ಟ್ ಬಿಚ್ಚೋ. ಬಕಲ್ಲು ಕಬ್ಬಿಣದ್ದು" ಎಂದಳು ಅಕ್ಕ.

ತೋಳಿಗೆ ಔಷಧಿ ಚುಚ್ಚಿದರು. ಅದು ಒಳಗಿವಿಗೆ ಇಳಿಯಲು ನಾಲ್ಕು ಗಂಟೆ ಬೇಕಂತೆ. ಕಾದದ್ದಾಯಿತು. ಆಮೇಲೆ ತಲೆಗೆ ಪಂಜರದಂಥದ್ದೊಂದನ್ನು ಮುಚ್ಚಿ, ಅಲುಗಾಡಬೇಡಿ ಎಂದು ಹೇಳಿ, ಸುರಂಗದೊಳಗೆ ತಳ್ಳಿದರು.

ಯಂತ್ರ ಪೀಪ್ ಪೀಪ್ ಎಂದಿತು. ಕ್ರೇನ್ ಕೆಲಸದಲ್ಲಿ ಕೆಳಗಿನವನು ಎರಡು ಸಲ ಸೀಟಿ ಊದಿದರೆ ಎತ್ತು, ಮೂರು ಸಲ ಊದಿದರೆ ಇಳಿಸು. ಹನ್ನೊಂದು ವರ್ಷದ ಅಭ್ಯಾಸ ಸುಮ್ಮನಿರುತ್ತದೆಯೇ? ಹೀರೋನ ಬಲಗೈ ಇಲ್ಲದ ಲಿವರನ್ನು ಹಿಡಿದು ಎಳೆಯಿತು. ಭುಜ ಅಲುಗಿತು, ತಲೆಯೂ ಅಲುಗಿತು.

"ಏನ್ ಸಾರ್ ಮಾಡ್ತಿದೀರಾ?" ಸ್ಪೀಕರಿನಲ್ಲಿ ಟೆಕ್ನಿಷಿಯನ್ ಮೇಡಂ ಕೇಳಿದರು. "ಚಿತ್ರ ಎಲ್ಲಾ ಕಲಸಿ ಹೋಯ್ತು."

"ನೀವೇ ತಾನೆ ಮೇಡಂ ಎತ್ತು ಅಂದಿದ್ದು?"

ಎರಡನೇ ಸಲ ಯಂತ್ರ ಮೂರು ಸಲ ಕೂಗಿತು. ಹೀರೋ ನಿಧಾನವಾಗಿ, ಬಹಳ ನಾಜೂಕಾಗಿ ಇಳಿಸಿದ. ಮೇಡಂ ಹಣೆ ಹಿಡಿದುಕೊಂಡರು. "ಇನ್ನೊಂದ್ಸಲ ಅಲುಗಾಡಿದ್ರೆ ಮುಗೀತು. ಬೇರೆ ದಿನ ಬಂದು ಮತ್ತೆ ಚುಚ್ಚಿಸ್ಕೊಳ್ಳಿ."

ಗಾಜಿನಾಚೆ ಕೂತಿದ್ದ ಅಕ್ಕ ಎದ್ದು ಮೈಕಿಗೆ ಬಾಯಿ ಹಾಕಿದಳು. "ಲೋ, ಕೊಕ್ಕೆಲಿ ಎರಡು ಟನ್ ನೇತಾಡ್ತಿದೆ. ಸರೀ ಅದರ ಕೆಳಗೆ ನಿಮ್ಮಕ್ಕ ನಿಂತಿದಾಳೆ. ಯಾರೇ ಸೀಟಿ ಊದ್ಲಿ, ಲಿವರ್ ಮುಟ್ಟಿದ್ಯೋ, ನಾನು ಅಪ್ಪಚ್ಚಿ."

ಆಮೇಲೆ ಯಂತ್ರ ಪೀಪ್ ಎಂದಿತು, ಕಟಕಟ ಎಂದಿತು, ಲಾರಿಯ ಹಾಗೆ ಕೆಮ್ಮಿತು. ಹೀರೋ ಉಸಿರನ್ನೂ ಲೆಕ್ಕ ಹಾಕಿ ಬಿಟ್ಟ. ಚಿತ್ರ ಕನ್ನಡಿಯಂತೆ ಬಂತು.

ಡಾಕ್ಟರು ಪರದೆಯಲ್ಲಿ ಬಸವನಹುಳದ ಚಿಪ್ಪಿನಂಥ ಒಳಗಿವಿಯನ್ನು ತೋರಿಸಿದರು. "ಗಂಟಿಲ್ಲ. ಈ ಕಪ್ಪಗೆ ಊದಿದೆಯಲ್ಲ, ಅದೇ ನೀರು. ಉಪ್ಪು ಕಮ್ಮಿ ಮಾಡಿ, ಮಾತ್ರೆ ತಗೊಳ್ಳಿ."

ಹೀರೋ ಮರುದಿನವೇ ಏಣಿ ಹತ್ತಿದ, ಕೆಳಗೆ ಜನ ಸೀಟಿ ಹೊಡೆದರು ಅಂತ ಮುಗಿಸೋಣ ಎಂದುಕೊಂಡಿದ್ದೆ. ಆದರೆ ಹಾಗಾಗಲಿಲ್ಲ. ಆರು ತಿಂಗಳು ಒಂದೂ ತಲೆಸುತ್ತು ಬರದಿದ್ದರೆ ಮಾತ್ರ ಮೇಲೆ ಹತ್ತಬಹುದು ಅಂದರು ಡಾಕ್ಟರು. ಹೀರೋ ಅಕ್ಕನ ಹೆಗಲ ಮೇಲೆ ಮುಖವಿಟ್ಟು ಅತ್ತುಬಿಟ್ಟ. ಗಂಟಿಲ್ಲವೆಂದೋ ಕ್ರೇನ್ ಇಲ್ಲವೆಂದೋ, ಅದು ಅವನಿಗೂ ಗೊತ್ತಿರಲಿಲ್ಲ.