ಶಕ್ತಿನಗರಕ್ಕೆ ಕಲ್ಲಿದ್ದಲು

ಅವ್ವನ ಬಳೆಗಳು ಮೊಣಕೈವರೆಗೆ ಜಾರುವುದನ್ನು ನಾನು ದೀಪಾವಳಿಯಿಂದ ನೋಡುತ್ತಿದ್ದೆ. ಎದೆಯ ಗಡ್ಡೆ ತೆಗೆಸಿ ವರ್ಷವಾಗಿತ್ತು. ಕ್ಯಾನ್ಸರ್ ಮರಳಿತೇ ಎಂಬ ಮಾತನ್ನು ಬಾಯಿಗೆ ತರದೆ ಸ್ಕ್ಯಾನ್ ಮಾಡಿಸಿದೆ.

ಸಿಂಧನೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಫಿರ್ದೋಸ್ ಕಂಪ್ಯೂಟರ್ ನೋಡುತ್ತಿದ್ದರು. ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ.

"ಸ್ವಚ್ಛ ಐತ್ರಿ ಸುರೇಖಾ ಮೇಡಂ. ಎಲ್ಲೂ ಏನೂ ಇಲ್ಲ."

"ಮತ್ತ ಇಷ್ಟ್ಯಾಕ ಸೊರಗ್ಯಾಳ್ರಿ?"

ಡಾಕ್ಟರ್ ಅವ್ವನ ಕಡೆ ತಿರುಗಿದರು. "ಗದ್ದೆಮ್ಮಾ, ಖರೇ ಹೇಳ್ರಿ. ಹೊಟ್ಟಿತುಂಬ ಉಣ್ಣಾಕತ್ತೀರಿಲ್ಲೋ?"

ಅವ್ವ ಸೆರಗಿನ ತುದಿ ಹಿಡಿದಳು. "ಉಂಡ್ರ ಶಕ್ತಿನಗರ ಚಾಲೂ ಆಗತೈತಲ್ರೀ."

ಡಾಕ್ಟರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ಮೈಟೊಕಾಂಡ್ರಿಯ ಎಂದರೆ ಹುಡುಗರು ಪಿಳಿಪಿಳಿ ನೋಡುತ್ತಾರೆ. ಶಕ್ತಿನಗರವಾದರೆ ನಮ್ಮ ಜಿಲ್ಲೆಯಲ್ಲೇ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಊರು. "ಜೀವಕೋಶದೊಳಗಿನ ಶಕ್ತಿನಗರ" ಎಂದರೆ ಹಿಂದಿನ ಬೆಂಚಿಗೂ ಅರ್ಥವಾಗುತ್ತದೆ. ಮನೆಯಲ್ಲಿ ಫೋನಿಗೆ ಪಾಠ ರೆಕಾರ್ಡ್ ಮಾಡುವಾಗ ಹೇಳಿದ್ದೆ: ಕ್ಯಾನ್ಸರ್ ಕೋಶ ಜಾಣ, ಕೆಟ್ಟುಹೋದ ಶಕ್ತಿನಗರಗಳನ್ನು ಒಡೆದು ಕರಗಿಸಿ, ಚೆನ್ನಾಗಿರುವವನ್ನು ಉಳಿಸಿಕೊಳ್ಳುತ್ತದೆ, ಅದಕ್ಕೇ ಎಷ್ಟೋ ಸಲ ಔಷಧಿಗೂ ಬಗ್ಗುವುದಿಲ್ಲ. ಅವ್ವ ಒಳಗೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು.

"ಕ್ಯಾನ್ಸರಿನ ಶಕ್ತಿನಗರಕ್ಕ ಕಲ್ಲಿದ್ದಲು ಹಾಕದಿದ್ರ ಬಂದ್ ಬೀಳತೈತಿ ಅಂತ ಮಾಡಿದ್ನಿ" ಎಂದಳು ಅವ್ವ, ಈಗ ನನ್ನ ಕಡೆ ತಿರುಗಿ.

"ಮತ್ತ ತಾಟಿನಾಗಿನ ರೊಟ್ಟಿ ಎಲ್ಲಿಗೆ ಹೋಗ್ತಿದ್ವು?"

"ಮಗ್ಗಲ ಮನಿ ಜುಬೇದಾಬೀ ಆಡಿಗೆ. ಬರೇ ನನ್ನ ನೋಡ್ತಿದ್ದಿ, ಅದನ್ನ ನೋಡ್ಲಿಲ್ಲ ನೀ. ಎಮ್ಮಿಕರದಂಗ ಆಗೈತಿ."

ಡಾಕ್ಟರ್ ನಕ್ಕುಬಿಟ್ಟರು. ನಾನು ಬೆನ್ನು ಹಿಂದಕ್ಕೆ ಒರಗಿಸಿದೆ. ಅಷ್ಟು ಹೊತ್ತೂ ಕುರ್ಚಿಯ ಅಂಚಿನಲ್ಲೇ ಕೂತಿದ್ದೆನೆಂದು ಆಗ ಗೊತ್ತಾಯಿತು.

"ಅವ್ವಾ, ನಿನ್ನ ಚಲೋ ಕೋಶದಾಗೂ ಶಕ್ತಿನಗರ ಅದಾವ. ಕ್ಯಾನ್ಸರ್ ಅಂದ್ರ ಕಂಬಕ್ಕ ಕೊಂಡಿ ಹಾಕಿ ಕರೆಂಟ್ ಕದಿಯಾಂವ ಇದ್ದಂಗ. ಕಲ್ಲಿದ್ದಲು ನಿಂತ್ರ ಮೊದ್ಲು ಕತ್ತಲಾಗೋದು ನಿನ್ನ ಮನಿ."

"ಪಾಠದಾಗ ಅದನ್ಯಾಕ ಹೇಳ್ಲಿಲ್ಲ ಬೇ?"

"ಪರೀಕ್ಷಾಕ್ಕ ಕೇಳಂಗಿಲ್ಲ" ಎಂದೆ.

"ನನಗ ಕೇಳ್ತಿತ್ತಲ್ಲ!"

ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದೆ. ಅವ್ವ ಮೊದಲು ಅನುಮಾನದಿಂದ ಒಂದು ತುದಿ ಕಚ್ಚಿದಳು. ಆಮೇಲೆ ಇಡೀ ಮಿರ್ಚಿ ಮುಗಿಸಿದಳು. ಇನ್ನೊಂದು ಮಿರ್ಚಿಗೆ ಕೈಹಾಕುವಾಗ ಜಾರಿದ ಬಳೆಗಳನ್ನು ಮೇಲಕ್ಕೆ ತಳ್ಳಿ, "ಪಾಪ ಆಡು" ಎಂದಳು, "ನಾಳಿಂದ ಅದಕ್ಕ ಉಪಾಸ."